ಹತ್ತು ಇಂಚಿನ ಚೌಕ

ನಿಮ್ಮ ಮನೆಯಲ್ಲೂ ಒಂದು ಹಳೆಯ ಕೌದಿ ಇದ್ದೇ ಇರುತ್ತದೆ. ಅಮ್ಮಿಯ ಸವೆದ ಸೀರೆ, ಅಬ್ಬಾರ ಲುಂಗಿ, ಚಿಕ್ಕಂದಿನಲ್ಲಿ ನೀವು ತೊಟ್ಟ ಫ್ರಾಕು ಎಲ್ಲವೂ ಅದರಲ್ಲಿ ತೇಪೆಯಾಗಿ ಕುಳಿತಿರುತ್ತವೆ. ನಮ್ಮ ಮನೆತನದಲ್ಲಂತೂ ಕೂಸು ಹುಟ್ಟುವ ಮೊದಲೇ ಹಿರಿಯರು ಒಂದು ಪುಟ್ಟ ಕೌದಿ ಹೊಲಿದು ಮಡಚಿಡುವುದು ರೂಢಿ. ಹಾಗಿರುವಾಗ ಚೊಚ್ಚಲ ಹೆರಿಗೆಗೆಂದು ಮಸ್ಕಿಯ ತವರಿಗೆ ಬಂದಿದ್ದ ನನ್ನ ಅಣ್ಣನ ಮಗಳು, "ಫುಪ್ಪೂ, ಈ ಸಲ ಕೌದಿ ಬೇಡ. ಎಲ್ಲರೂ ಒಂದೊಂದು ಚೌಕ ಹೆಣೆದು ಕೊಡಿ, ನಾನು ಜೋಡಿಸಿ ಹೊದಿಕೆ ಮಾಡುತ್ತೇನೆ" ಎಂದಾಗ ನನಗೆ ಸ್ವಲ್ಪ ಬೇಸರವೇ ಆಯಿತು.

ಅವಳ ತಲೆಗೆ ಇದನ್ನು ತುಂಬಿದ್ದು ಚೆನ್ನೈಯ ಸುದ್ದಿ. 2016ರ ಜನವರಿ 31ರಂದು ‘ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್’ ಎಂಬ ಮಹಿಳೆಯರ ಬಳಗ ಅಲ್ಲಿ 11,148.5 ಚದರ ಮೀಟರಿನ ಕ್ರೋಶಾ ಹೊದಿಕೆ ಹಾಸಿ ಗಿನ್ನೆಸ್ ದಾಖಲೆ ಮಾಡಿತ್ತು. ಎಲ್ಲೆಲ್ಲೋ ಕುಳಿತು ಹೆಣೆದದ್ದನ್ನು ಒಂದೆಡೆ ಸೇರಿಸಿದ್ದರು. ನಮ್ಮದು ಅಷ್ಟು ದೊಡ್ಡದಲ್ಲ, ಬರೀ ಒಂಬತ್ತು ಚೌಕ. ಸಿಂಧನೂರಿನಿಂದ ನಾನು ಮತ್ತು ನನ್ನ ಮಗಳು, ಮಸ್ಕಿಯಿಂದ ಭಾಭಿಯ ಮನೆಯವರು, ಲಿಂಗಸುಗೂರಿನಿಂದ ಆಪಾ ಮತ್ತು ಆಕೆಯ ಸೊಸೆಯಂದಿರು.

ಆಪಾ ಎಂದ ಕೂಡಲೇ ನನ್ನ ಮುಖ ಬಾಡಿದ್ದನ್ನು ಹುಡುಗಿ ನೋಡಿರಬೇಕು. ನೋಡಿಯೂ ನೋಡದವಳಂತೆ ಕಡ್ಡಿಯನ್ನು ಕೈಗಿತ್ತಳು.

ಕ್ರೋಶಾ ನನಗೆ ಹೊಸದಲ್ಲ. ಬಾಗಿಲ ತೋರಣ, ಟೇಬಲ್ ಕವರು, ಹುಡುಗರಿಗೆ ನಮಾಝಿನ ಟೋಪಿ, ಎಷ್ಟು ಹೆಣೆದಿದ್ದೇನೋ ಲೆಕ್ಕವಿಲ್ಲ. ಆದರೆ ಅವಳು ಕೊಟ್ಟದ್ದು ಬೇರೆಯೇ ಕಡ್ಡಿ. ಒಂದು ಮೊಳದಷ್ಟು ಉದ್ದ, ಒಂದು ತುದಿಗೆ ಕೊಕ್ಕೆ, ಇನ್ನೊಂದು ತುದಿಗೆ ಗುಂಡಿ. ಇದಕ್ಕೆ ಟ್ಯುನೀಷಿಯನ್ ಕ್ರೋಶಾ ಎನ್ನುತ್ತಾರಂತೆ. ಹೆಸರಿನಲ್ಲಿ ಟ್ಯುನೀಷಿಯಾ ಇದ್ದರೂ ಅದು ಅಲ್ಲಿಯೇ ಹುಟ್ಟಿತೆನ್ನಲು ಆಧಾರವಿಲ್ಲ. ಇದನ್ನೇ ಅಫ್ಘನ್ ಹೆಣಿಗೆ ಎಂದು ಕರೆಯುವವರೂ ಇದ್ದಾರೆ. 19ನೇ ಶತಮಾನದ ಯುರೋಪಿನ ಕೈಕೆಲಸದ ಪುಸ್ತಕಗಳಲ್ಲಿ ಇದು ಬಹಳ ಓಡಿತ್ತು.

ಕಲಿಯುವುದು ಕಷ್ಟವಲ್ಲ, ನೀವೂ ಮಾಡಿ ನೋಡಿ. ಮೊದಲು ಸಾದಾ ಕ್ರೋಶಾದಂತೆಯೇ ಸರಪಳಿ ಹಾಕಿ. ನಾನು 36 ಹಾಕಿದೆ. ಆಮೇಲೆ ಒಂದೊಂದೇ ಸರಪಳಿಗೆ ಕೊಕ್ಕೆ ತೂರಿಸಿ ದಾರ ಎಳೆಯಿರಿ. ಆದರೆ ಕುಣಿಕೆಯನ್ನು ಮುಗಿಸದೆ ಕಡ್ಡಿಯ ಮೇಲೆಯೇ ಬಿಡಿ. ಸಾಲು ಮುಗಿಯುವಷ್ಟರಲ್ಲಿ ತಸ್ಬೀಹಿನ ಮಣಿಗಳಂತೆ 36 ಕುಣಿಕೆಗಳು ಕಡ್ಡಿಯ ಮೇಲೆ ಸಾಲಾಗಿ ನಿಂತಿರುತ್ತವೆ. ಇದು ಹೋಗುವ ದಾರಿ. ಈಗ ಬಟ್ಟೆಯನ್ನು ತಿರುಗಿಸದೆ ಅಲ್ಲಿಂದಲೇ ಹಿಂದಕ್ಕೆ ಬರಬೇಕು. ದಾರ ಸುತ್ತಿ ಮೊದಲು ಒಂದೇ ಕುಣಿಕೆಯಿಂದ ಎಳೆಯಿರಿ, ಮುಂದೆ ಪ್ರತಿ ಸಲವೂ ಎರಡೆರಡರಿಂದ, ಕಡ್ಡಿಯಲ್ಲಿ ಒಂದೇ ಉಳಿಯುವವರೆಗೆ. ಹೋಗಿ ಬಂದರೆ ಒಂದು ಸಾಲು ಪೂರ್ತಿ. ಮುಂಭಾಗದಲ್ಲಿ ನೆಟ್ಟಗೆ ನಿಂತ ಎಳೆಗಳು ಕಾಣುತ್ತವೆ. ಅಂಚಿನ ಮೊದಲ ಎಳೆ ಬಿಟ್ಟು, ಮುಂದಿನ ಸಾಲಿಗೆ ಕೊಕ್ಕೆಯನ್ನು ಅವುಗಳ ಹಿಂದೆ ತೂರಿಸಬೇಕು. ಕೊನೆಯ ಎಳೆ ಮಾತ್ರ ಅಂಚಿನಲ್ಲಿ ಅಡಗಿರುತ್ತದೆ. ಅದನ್ನು ಮರೆತರೆ ಪ್ರತಿ ಸಾಲಿಗೂ ಒಂದೊಂದು ಕಡಿಮೆಯಾಗುತ್ತಾ ಚೌಕ ಸಮೋಸದಂತಾಗುತ್ತದೆ. ನನ್ನ ಮೊದಲ ಚೌಕ ಆದದ್ದೂ ಸಮೋಸವೇ.

ನೂಲು ಮಾತ್ರ ಹತ್ತಿಯದೇ ಆಗಬೇಕೆಂದಳು. ಸರಿಯಾದ ಮಾತು. ನಮ್ಮ ಕಡೆಯ ಬಿಸಿಲಿಗೆ ಕೂಸಿಗೆ ಉಲ್ಲನ್ ಹೊದಿಸಿದರೆ ಮೈಯೆಲ್ಲ ಬೆವರುಸಾಲೆ.

ಸಿಂಧನೂರಿಗೆ ಬಂದು ನಾಲ್ಕು ದಿನ, ಮಗ್ರಿಬ್ ಆದ ಮೇಲೆ ಅಡುಗೆಮನೆಯ ಬಾಗಿಲಲ್ಲಿ ಕುಳಿತು ಹೆಣೆದೆ. ಈ ಸಲ ಎಣಿಕೆ ತಪ್ಪಲಿಲ್ಲ. ಹುಡುಗಿ ಕೊಟ್ಟ ದಪ್ಪ ಕಡ್ಡಿ ಕೈಗೆ ಒಗ್ಗದೆ, 4 ಮಿ.ಮೀ.ನ ಸಣ್ಣ ಕಡ್ಡಿ ಹಿಡಿದಿದ್ದೆ. ಮುಗಿಸಿ ನೆಲದ ಮೇಲೆ ಹಾಸಿದರೆ ಚೌಕ ಹಾಸಿಕೊಳ್ಳಲೇ ಇಲ್ಲ! ಕೆಳಗಿನ ಅಂಚು ಸುರುಳಿ ಸುತ್ತಿಕೊಂಡಿತು. ಒತ್ತಿ ಹಿಡಿದು ಅಳೆದೆ. ಎಂಟು ಇಂಚೂ ಇರಲಿಲ್ಲ.

ಮಸ್ಕಿಗೆ ಫೋನ್ ಮಾಡಿದೆ. "ಎಷ್ಟು ಇಂಚು ಇರಬೇಕಮ್ಮಾ?" ಎಂದರೆ, "ಲಿಂಗಸುಗೂರಿನ ಆಪಾ ಆಗಲೇ ಮೂರು ಮುಗಿಸಿದ್ದಾರೆ. ಅವರದ್ದಕ್ಕೆ ಹೊಂದಬೇಕು. ಅವರನ್ನೇ ಕೇಳಿ ಫುಪ್ಪೂ" ಎಂದು ಇಟ್ಟುಬಿಟ್ಟಳು. ಹುಡುಗಿಯರು ಎಷ್ಟು ಜಾಣೆಯರು ನೋಡಿ.

ಈಗ ನಿಮಗೆ ಹೇಳಲೇಬೇಕು. ಅಮ್ಮಿ ತೀರಿಕೊಂಡದ್ದು ಆಪಾಳ ಮನೆಯಲ್ಲಿ. ಸುದ್ದಿ ತಿಳಿದು ನಾನು ಲಿಂಗಸುಗೂರು ಮುಟ್ಟುವಷ್ಟರಲ್ಲಿ ಉಸಿರು ನಿಂತಿತ್ತು. ತುಂಬಿದ ಮನೆಯಲ್ಲಿ, ಎಲ್ಲರ ಎದುರಿಗೆ, "ಬೇಕೆಂದೇ ತಡವಾಗಿ ತಿಳಿಸಿದೆ" ಎಂದು ಆಪಾಳಿಗೆ ಹೇಳಿದೆ. ಆಕೆ ಉತ್ತರ ಕೊಡಲಿಲ್ಲ. ಆರು ತಿಂಗಳು ಹಾಸಿಗೆಯಲ್ಲಿದ್ದ ಅಮ್ಮಿಯನ್ನು ತೊಳೆದು ಬಳಿದು ನೋಡಿಕೊಂಡವಳು ಆಕೆ. ನಾನು ಹಬ್ಬಕ್ಕೆ ಬಂದು ಹೋದವಳು. ಇದು ನನಗೆ ಆವತ್ತೂ ಗೊತ್ತಿತ್ತು. ಅಲ್ಲಿಂದ ಎರಡು ವರ್ಷ ಮಾತಿಲ್ಲ. ಮೂರು ದಿನಕ್ಕಿಂತ ಹೆಚ್ಚು ಮಾತು ಬಿಡಬಾರದೆಂದು ನನ್ನ ಮಕ್ಕಳಿಗೆ ನಾನೇ ಕಲಿಸಿದವಳು!

ಇಶಾ ಆಯಿತು, ಊಟ ಆಯಿತು. ಫೋನು ಕೈಗೆತ್ತಿ ಎರಡು ಸಲ ಇಟ್ಟೆ. ಮೂರನೆಯ ಸಲ ಆಪಾಳೇ ಎತ್ತಿದಳು. ಸಲಾಮ್ ಹೇಳಿದೆ, ಜವಾಬು ಬಂತು. ಮುಂದೆ ಏನೂ ತೋಚದೆ, "ನಿನ್ನ ಚೌಕ ಎಷ್ಟು ಇಂಚು?" ಎಂದೆ.

"ಹತ್ತು. ನಿನ್ನದು?"

"ಎಂಟೂ ಇಲ್ಲ. ಸುರುಳಿ ಸುತ್ತುತ್ತದೆ."

ಸ್ವಲ್ಪ ಹೊತ್ತು ಸದ್ದಿಲ್ಲ. "ನಿನ್ನ ಕೈ ಮೊದಲಿನಿಂದಲೂ ಬಿಗಿ. ಟೋಪಿ ಹೆಣೆಯುವಾಗಲೂ ಅಮ್ಮಿ ಹೇಳುತ್ತಿರಲಿಲ್ಲವೇ? ದಪ್ಪ ಕಡ್ಡಿ ಹಿಡಿ, ದಾರ ಸಡಿಲ ಬಿಡು" ಎಂದಳು. ಆಮೇಲೆ, "ಉಂಡೆಯಾ?" ಎಂದು ಕೇಳಿದಳು.

ನಾಲ್ಕು ದಿನದ ಕೆಲಸವನ್ನು ಆ ರಾತ್ರಿಯೇ ಬಿಚ್ಚಿದೆ. ಬಿಚ್ಚಲು ಹತ್ತು ನಿಮಿಷವೂ ಹಿಡಿಯಲಿಲ್ಲ. 6 ಮಿ.ಮೀ. ಕಡ್ಡಿಯಲ್ಲಿ ಅದೇ 36 ಕುಣಿಕೆ ಹಾಕಿದರೆ ಹತ್ತು ಇಂಚಿಗೆ ಹತ್ತಿರ ಬಂತು. ಈ ಹೆಣಿಗೆಗೆ ಸಾದಾ ಕ್ರೋಶಾಕ್ಕಿಂತ ಒಂದೆರಡು ಅಳತೆ ದೊಡ್ಡ ಕಡ್ಡಿಯೇ ಬೇಕು. ಮುಗಿದ ಮೇಲೆ ಒದ್ದೆ ಮಾಡಿ, ದಪ್ಪ ಟವೆಲ್ಲಿನ ಮೇಲೆ ನಾಲ್ಕೂ ಕಡೆ ಎಳೆದು ಗುಂಡುಪಿನ್ನು ಚುಚ್ಚಿ ಒಣಗಿಸಿದರೆ ಸುರುಳಿ ಬಹುಮಟ್ಟಿಗೆ ಬಿಡುತ್ತದೆ.

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ನಡುವೆ ಸಿಗುವುದೇ ಮಸ್ಕಿ. ಅಶೋಕನ ಹೆಸರೇ ಬರೆದಿರುವ ಶಾಸನ 1915ರಲ್ಲಿ ಸಿಕ್ಕ ಊರು. ಆ ಭಾನುವಾರ ನಾನು ಈ ಕಡೆಯಿಂದ, ಆಪಾ ಆ ಕಡೆಯಿಂದ ಬಸ್ಸಿಳಿದೆವು. ತಬ್ಬಿಕೊಂಡಾಗ ಆಕೆ ಎಷ್ಟು ಸಣ್ಣಗಾಗಿದ್ದಾಳೆಂದು ಕೈಗೆ ತಿಳಿಯಿತು. "ಆವತ್ತು ನಾನಾಡಿದ್ದು..." ಎಂದು ಶುರು ಮಾಡಿದೆ. "ಮೊದಲು ಚೌಕ ತೋರಿಸು" ಎಂದಳು.

ಒಂಬತ್ತನ್ನೂ ಚಾಪೆಯ ಮೇಲೆ ಮೂರು ಸಾಲಾಗಿ ಹಾಸಿದೆವು. ನನ್ನದು ಆಪಾಳದ್ದರ ಪಕ್ಕಕ್ಕೆ ಬಂತು, ಕಾಲು ಇಂಚು ಕಡಿಮೆ. ಜೋಡಿಸುವಾಗ ಆಕೆ ತನ್ನದನ್ನು ಸ್ವಲ್ಪ ಒಳಗೆ ಹಿಡಿದು ಸರಿಮಾಡಿದಳು. ನಮ್ಮ ಉತ್ತರ ಕನ್ನಡದ ಸಿದ್ದಿ ಹೆಂಗಸರು ತಮ್ಮ ಕೌದಿಯ ನಾಲ್ಕು ಮೂಲೆಗೂ ಬಟ್ಟೆಯನ್ನು ಮಡಚಿ ‘ಫೂಲ’ ಇಡುತ್ತಾರಂತೆ, ಅದಿಲ್ಲದಿದ್ದರೆ ಕೌದಿ ಬೆತ್ತಲೆಯಂತೆ ಎಂದು ಭಾಭಿ ಹೇಳಿದಳು. ಅದಕ್ಕೇ ಕಾಯುತ್ತಿದ್ದವಳಂತೆ ಆಪಾ ಚೀಲದಿಂದ ಒಂದು ಬಿಳಿ ಬಟ್ಟೆ ತೆಗೆದಳು. ಅಮ್ಮಿಯ ನಮಾಝಿನ ದುಪಟ್ಟಾ. ಎರಡು ಮೂಲೆಗೆ ಆಕೆ ಹೊಲಿದಳು, ಎರಡು ಮೂಲೆಗೆ ನಾನು.

ಅಲ್‌ಹಮ್ದುಲಿಲ್ಲಾಹ್, ಹೆಣ್ಣು ಕೂಸು. ಹೊದಿಕೆಯನ್ನು ಎರಡು ಸಲ ಒಗೆದದ್ದೂ ಆಯಿತು. ನನ್ನ ಚೌಕದ ಒಂದು ಅಂಚು ಈಗಲೂ ಸ್ವಲ್ಪ ಏಳುತ್ತದೆ. ನಿನ್ನೆ ಆಪಾಳ ಫೋನು ಬಂದಿತ್ತು. ತಾನೂ ಉದ್ದ ಕಡ್ಡಿ ತರಿಸಿದ್ದಾಳಂತೆ, ನಾಲ್ಕು ಸಾಲು ಹಾಕುವಷ್ಟರಲ್ಲಿ 36 ಇದ್ದದ್ದು 32 ಆಗಿದೆಯಂತೆ. ಕೊನೆಯ ಎಳೆ ಬಿಟ್ಟಿದ್ದಾಳೆ, ಇನ್ನೇನು. ಶುಕ್ರವಾರ ಸಿಂಧನೂರಿಗೆ ಬರುತ್ತಾಳೆ, ತೋರಿಸಿಕೊಡಬೇಕು.