ಕಾಸಿನವರ ಕಸುಬು

‘ನಮ್ಮ ಹುಡುಗನಿಗೆ ಹಳೇ ನಾಣ್ಯ ಕೂಡಿಡೋ ಹುಚ್ಚು’ ಎಂದು ಹೆಣ್ಣಿನ ಮನೆಯಲ್ಲಿ ಉಪ್ಪಿಟ್ಟು ಕೇಸರಿಬಾತಿನ ನಡುವೆ ಯಾರಾದರೂ ಬಾಯಿ ಜಾರಿದರೆ, ಹುಡುಗಿಯ ಸೋದರಮಾವ ತಟ್ಟೆ ಕೆಳಗಿಟ್ಟು ಕೇಳುವ ಪ್ರಶ್ನೆ ಒಂದೇ: ‘ಅದಿರಲಿ, ಹೊಟ್ಟೆಪಾಡಿಗೆ ಏನು ಮಾಡ್ತಾನೆ?’ ಹುಡುಗ ಹಾಡುತ್ತಾನೆ ಎಂದರೆ ಈ ಪ್ರಶ್ನೆ ಇಷ್ಟು ಬೇಗ ಬರುವುದಿಲ್ಲ. ಕ್ರಿಕೆಟ್ ಆಡುತ್ತಾನೆ ಎಂದರೂ ಒಂದು ನಗು ಬಂದುಹೋಗುತ್ತದೆ. ಆದರೆ ದುಡ್ಡನ್ನು ಖರ್ಚೂ ಮಾಡದೆ, ಬ್ಯಾಂಕಿಗೂ ಹಾಕದೆ, ಆಲ್ಬಮ್ಮಿನಲ್ಲಿಟ್ಟು ನೋಡುತ್ತ ಕೂರುವವನು ಸಂಸಾರ ಹೇಗೆ ಸಾಗಿಸುತ್ತಾನೆ ಎಂಬ ಅನುಮಾನ ಹಿರಿಯರಿಗೆ ಸಹಜವೇ. ನನ್ನ ಮಾವನವರು ಹೀಗೆ ಕೇಳಿದಾಗ ನಮ್ಮಪ್ಪ ‘ಬ್ಯಾಂಕಿನಲ್ಲಿ ಕ್ಯಾಷಿಯರ್’ ಎಂದು ಗಂಭೀರವಾಗಿ ಹೇಳಿದ್ದರಿಂದ ನನ್ನ ಮದುವೆಯಾಯಿತು. ನಾಣ್ಯದ ವಿಷಯ ಹೊರಬಿದ್ದದ್ದು ಗೃಹಪ್ರವೇಶ ಮುಗಿದ ಮೇಲೆ.

ಮೈಸೂರಿನಲ್ಲಿ ದುಡ್ಡನ್ನೇ ಕಸುಬು ಮಾಡಿಕೊಂಡವರು ನಿಜಕ್ಕೂ ಇದ್ದಾರೆ, ಅದು ಬೇರೆ ಮಾತು. ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯ ನೋಟು ಮುದ್ರಣಾಲಯ ಇಲ್ಲಿ ಕೆಲಸ ಶುರುಮಾಡಿದ್ದು 1996ರಲ್ಲಿ. ನೋಟಿನ ಕಾಗದವೂ ಹೊರದೇಶದಿಂದ ಬರುವುದು ಬೇಡವೆಂದು ಆಮೇಲೆ ಕಾಗದದ ಕಾರ್ಖಾನೆಯೂ ಬಂತು. ಬೆಂಗಳೂರಿನ ನೆಂಟರೊಬ್ಬರು ಸಿಕ್ಕಾಗಲೆಲ್ಲ, ‘ನಿಮಗೇನ್ರೀ ಕಮ್ಮಿ, ನೋಟೆಲ್ಲ ನಿಮ್ಮೂರಲ್ಲೇ ಪ್ರಿಂಟಾಗುತ್ತಲ್ಲ’ ಅನ್ನುತ್ತಾರೆ. ಚಾಮುಂಡೇಶ್ವರಿಯೂ ನಮ್ಮೂರಲ್ಲೇ ಇದ್ದಾಳೆ, ಹಾಗಂತ ದಿನಾ ನಮ್ಮನೆಗೆ ಊಟಕ್ಕೆ ಬರುವುದಿಲ್ಲ. ಆ ಮುದ್ರಣಾಲಯದ ನೌಕರರೂ ನಮ್ಮ ಹಾಗೆಯೇ ತಿಂಗಳ ಕೊನೆಯಲ್ಲಿ ಕೈ ಬಿಗಿಹಿಡಿಯುವವರೇ.

ನೋಟಿಗಿಂತ ಮೊದಲು ಈ ಊರಲ್ಲಿ ನಾಣ್ಯವೂ ಹುಟ್ಟುತ್ತಿತ್ತು. ಟಿಪ್ಪುವಿನ ಕೆಲವು ನಾಣ್ಯಗಳ ಮೇಲೆ ‘ನಜರ್‌ಬಾರ್’ ಎಂಬ ಟಂಕಸಾಲೆಯ ಹೆಸರಿದೆ. ಅದು ನಮ್ಮ ಇವತ್ತಿನ ನಜರ್‌ಬಾದೇ. ಅಲ್ಲಿ ಮನೆಬಾಡಿಗೆ ವಿಚಾರಿಸಿದರೆ ಟಂಕಸಾಲೆ ಈಗಲೂ ಹಿತ್ತಲಲ್ಲಿ ನಡೆಯುತ್ತಿದೆಯೇನೋ ಅನ್ನಿಸುತ್ತದೆ.

ಕಾಸಿನ ಹುಚ್ಚಿನವರು ನಾವೊಂದಷ್ಟು ಜನ ಭಾನುವಾರ ಬೆಳಿಗ್ಗೆ ಚಿಕ್ಕಗಡಿಯಾರದ ಹತ್ತಿರದ ಒಂದು ಹೋಟೆಲಿನಲ್ಲಿ ಸೇರುತ್ತಿದ್ದೆವು. ಮಸಾಲೆ ದೋಸೆಯ ಎಣ್ಣೆ ಬೆರಳಿಗಂಟಿದರೆ ನಾಣ್ಯ ಮುಟ್ಟಬಾರದೆಂಬ ಕಟ್ಟುನಿಟ್ಟಿದ್ದುದರಿಂದ ಎಲ್ಲರೂ ಇಡ್ಲಿಯನ್ನು ಚಮಚದಲ್ಲಿ ತಿನ್ನುತ್ತಿದ್ದೆವು. ಮಾಣಿಗೆ ನಾವು ಯಾವುದೋ ಆಫೀಸಿನ ದೊಡ್ಡ ಸಾಹೇಬರಿರಬೇಕು ಎಂಬ ಗುಮಾನಿಯಿತ್ತು. ಅಲ್ಲಿದ್ದವರಲ್ಲಿ ಒಬ್ಬರು ಸಿಟಿಬಸ್ಸಿನ ಕಂಡಕ್ಟರು, ಒಬ್ಬರು ಅಶೋಕ ರಸ್ತೆಯ ಕಡೆಯ ಅಕ್ಕಸಾಲಿಗರು, ಒಬ್ಬರು ಹೈಸ್ಕೂಲು ಮೇಷ್ಟ್ರು, ಒಬ್ಬರು ಸಂತೆಪೇಟೆಯಲ್ಲಿ ಹಳೇ ಹಿತ್ತಾಳೆ ತಾಮ್ರ ತೂಕಕ್ಕೆ ಕೊಳ್ಳುವವರು. ಕೌಂಟರಿನ ಜಾಲರಿಯ ಹಿಂದಿನವನು ನಾನು.

ನೋಡಿದರೆ, ನಾಣ್ಯ ಕೂಡಿಡುವುದು ಯಾರ ಕಸುಬೂ ಅಲ್ಲ. ಆದರೆ ನಾಣ್ಯ ಹಾದುಹೋಗುವ ದಾರಿಯಲ್ಲಿ ಕಸುಬು ಸಿಕ್ಕವರೇ ಅಲ್ಲಿ ಹೆಚ್ಚಾಗಿದ್ದರು. ಕಂಡಕ್ಟರು ಟಿಕೆಟ್ ಹರಿಯುತ್ತಲೇ ಹೆಬ್ಬೆರಳಲ್ಲಿ ನಾಣ್ಯ ಮಗುಚಿ ಇಸವಿಯ ಕೆಳಗೆ ನೋಡುತ್ತಿದ್ದರು. ಅಲ್ಲಿ ವಜ್ರದ ಗುರುತಿದ್ದರೆ ಮುಂಬೈ ಟಂಕಸಾಲೆ, ನಕ್ಷತ್ರವಿದ್ದರೆ ಹೈದರಾಬಾದು, ಬರೀ ಚುಕ್ಕಿಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಆ ಒಂದು ಗಳಿಗೆಯಲ್ಲಿ ಕುಕ್ಕರಹಳ್ಳಿ ಸ್ಟಾಪು ಹಿಂದೆ ಹೋಗಿ, ಇಳಿಯಬೇಕಾದವರು ಮಾನಸಗಂಗೋತ್ರಿಯಲ್ಲಿ ಇಳಿದು ಬೈದುಕೊಂಡು ನಡೆದು ಬಂದದ್ದೂ ಉಂಟು. ಬೇಕಾದ ನಾಣ್ಯ ಸಿಕ್ಕರೆ ಚೀಲದಿಂದ ತೆಗೆದು, ಅಷ್ಟೇ ಬೆಲೆಯ ಇನ್ನೊಂದನ್ನು ಜೇಬಿನಿಂದ ಹಾಕುತ್ತಿದ್ದರು. ನನ್ನದೂ ಅದೇ ನಿಯಮ. ಸಂಜೆ ಕ್ಯಾಷ್ ತಾಳೆಯಾಗಬೇಕು, ನಾಣ್ಯಕ್ಕೆ ನಾಣ್ಯ. ಹಿತ್ತಾಳೆ ವ್ಯಾಪಾರಿಯದು ಮಾತ್ರ ಅರಸರ ಭಾಗ್ಯ. ಅವರಿಗೆ ತಾಮ್ರದ ಕಾಸು ಕಿಲೋ ಲೆಕ್ಕದಲ್ಲಿ ಬರುತ್ತಿತ್ತು. ಟಿಪ್ಪುವಿನ ಆನೆಯ ಪೈಸೆಗಳು, ಬೆಲೆಯನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದ ಮುಮ್ಮಡಿ ಕೃಷ್ಣರಾಜ ಒಡೆಯರ ಮಯಿಲಿ ಕಾಸು, ಎರಡನೇ ಮಹಾಯುದ್ಧದ ಕಾಲದ ತೂತಿನ ಕಾಸು ಎಲ್ಲವೂ ಒಡೆದ ಚೊಂಬು ಸೊಟ್ಟ ಸೌಟುಗಳ ಜೊತೆ ಒಂದೇ ತಕ್ಕಡಿಯಲ್ಲಿ ಕೂರುತ್ತಿದ್ದವು.

ಇನ್ನು ಮೇಷ್ಟ್ರು. ಅವರ ಕಸುಬಿಗೂ ಕಾಸಿಗೂ ನಂಟೇ ಇಲ್ಲ ಅಂದುಕೊಂಡಿದ್ದೆವು. ಅವರು ತರಗತಿಯಲ್ಲಿ ಮೈಸೂರು ಒಡೆಯರ ಪಾಠ ಮಾಡುವಾಗ ರಣಧೀರ ಕಂಠೀರವರ ಹಣವನ್ನು ತೋರಿಸುತ್ತಿದ್ದರಂತೆ. 1638ರಿಂದ 1659ರವರೆಗೆ ಆಳಿದ ಆ ದೊರೆಯ ಚಿನ್ನದ ಹಣ ಅರ್ಧ ಗ್ರಾಮೂ ತೂಗುವುದಿಲ್ಲ. ಒಂದು ಕಡೆ ನರಸಿಂಹ, ಇನ್ನೊಂದು ಕಡೆ ನಾಗರಿಯಲ್ಲಿ ‘ಶ್ರೀ ಕಂಠೀರವ’. ‘ಇಷ್ಟೇನಾ ಸಾರ್?’ ಎಂದು ಮಕ್ಕಳು ಕೇಳುತ್ತಿದ್ದರಂತೆ. ಅಷ್ಟು ದೊಡ್ಡ ಪೈಲ್ವಾನ ದೊರೆ, ಇಷ್ಟು ಸಣ್ಣ ದುಡ್ಡು! ಮಾರನೆಯ ದಿನ ಹುಡುಗರು ಅಜ್ಜಿಯ ಪೆಟ್ಟಿಗೆಯಿಂದ ಏನೇನೋ ತರುತ್ತಿದ್ದರು. ಮೇಷ್ಟ್ರು ನೋಡಿ, ಹೆಸರು ಹೇಳಿ, ಪೇಪರಿನಲ್ಲಿ ಸುತ್ತಿ ‘ಅಜ್ಜಿಗೆ ವಾಪಸ್ ಕೊಡು’ ಎಂದು ಕಳಿಸುತ್ತಿದ್ದರು. ನಮ್ಮೆಲ್ಲರಲ್ಲಿ ಕಡಿಮೆ ನಾಣ್ಯವಿದ್ದದ್ದು ಅವರ ಹತ್ತಿರ, ಹೆಚ್ಚು ತಿಳಿದಿದ್ದವರೂ ಅವರೇ.

ನಮ್ಮ ಹಿಂದಿನವರ ಕಥೆಯೂ ಹೀಗೇ. ‘ದಕ್ಷಿಣ ಭಾರತದ ನಾಣ್ಯಗಳು’ ಎಂಬ ದೊಡ್ಡ ಪುಸ್ತಕವನ್ನು 1886ರಲ್ಲಿ ಹೊರತಂದ ವಾಲ್ಟರ್ ಎಲಿಯಟ್ ಹೊಟ್ಟೆಪಾಡಿಗೆ ಕಂಪನಿ ಸರ್ಕಾರದ ಅಧಿಕಾರಿ. 1824ರಲ್ಲಿ ಕಿತ್ತೂರಿನಲ್ಲಿ ಕಂಪನಿಯ ಕಲೆಕ್ಟರ್ ಥ್ಯಾಕರೆ ಸತ್ತಾಗ ರಾಣಿ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕವರಲ್ಲಿ ಈತನೂ ಒಬ್ಬ. ಚೆನ್ನಮ್ಮ ಬಿಟ್ಟುಕೊಟ್ಟಳು, ಪುಸ್ತಕ ಉಳಿಯಿತು. ಅದು ಅಚ್ಚಾಗುವ ಹೊತ್ತಿಗೆ ಅವನ ಕಣ್ಣು ಬಹುತೇಕ ಹೋಗಿತ್ತು. ವರಾಹಗಳ ಮೇಲೆ 1883ರಲ್ಲಿ ಬರೆದ ಜಾರ್ಜ್ ಬೀಡಿ ಡಾಕ್ಟರು; ಅದಕ್ಕೂ ಮೊದಲು ಕಾಫಿ ತೋಟಗಳ ಕಾಂಡಕೊರಕ ಹುಳದ ಮೇಲೆ ಸರ್ಕಾರಕ್ಕೆ ವರದಿ ಬರೆದುಕೊಟ್ಟವರು. ಹೈದರ್ ಮತ್ತು ಟಿಪ್ಪು ನಾಣ್ಯಗಳ ಬಗ್ಗೆ ಇವತ್ತಿಗೂ ನಾವು ತೆರೆಯುವ ಪುಸ್ತಕ ಜೆ. ಆರ್. ಹೆಂಡರ್ಸನ್‌ರದು, 1921ರ ಪ್ರಕಟಣೆ. ಅವರು ಮದರಾಸಿನಲ್ಲಿ ಪ್ರಾಣಿಶಾಸ್ತ್ರದ ಪ್ರೊಫೆಸರು, ಆಮೇಲೆ ಅಲ್ಲಿನ ಮ್ಯೂಸಿಯಮ್ಮಿನ ಮುಖ್ಯಸ್ಥರು. ಅವರ ನಿಜವಾದ ವಿದ್ಯೆ ಯಾವುದು ಗೊತ್ತೇ? ಏಡಿ! ಸಮುದ್ರದಲ್ಲಿ ಸತ್ತ ಶಂಖದ ಚಿಪ್ಪು ಹುಡುಕಿ ಅದರೊಳಗೆ ಸಂಸಾರ ಹೂಡುತ್ತವಲ್ಲ, ಆ ಜಾತಿಯ ಏಡಿಗಳ ತಜ್ಞರು. ಟಿಪ್ಪು ಹೊಸ ಶಕೆ ಶುರುಮಾಡಿ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ್ದು ಎಷ್ಟೋ ಜನರ ತಲೆ ತಿರುಗಿಸುತ್ತದೆ. ಅಡ್ಡಡ್ಡ ನಡೆಯುವ ಪ್ರಾಣಿಗಳ ಜೊತೆ ಆಯುಷ್ಯ ಕಳೆದವರಿಗೆ ಅದೇನು ಮಹಾ?

ನಮ್ಮೂರಿನ ಎ. ವಿ. ನರಸಿಂಹಮೂರ್ತಿಯವರು ಮಾತ್ರ ಪುಣ್ಯವಂತರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪ್ರಾಚೀನ ಇತಿಹಾಸ ಮತ್ತು ಪುರಾತತ್ವದ ಪ್ರಾಧ್ಯಾಪಕರಾಗಿ, ಕರ್ನಾಟಕದ ನಾಣ್ಯಗಳ ಮೇಲೆ 1975ರಲ್ಲಿ ಗ್ರಂಥವನ್ನೇ ತಂದರು. ಸಂಬಳವೂ ಅದಕ್ಕೇ, ಸುಖವೂ ಅದರಲ್ಲೇ. ಬೆಂಗಳೂರಿನಲ್ಲಿ ನೋಟುಗಳಿಗೇ ಒಂದು ಮ್ಯೂಸಿಯಂ ಕಟ್ಟಿದ ರೆಜ್ವಾನ್ ರಜಾಕ್ ಅವರ ಕಸುಬು ಕಟ್ಟಡ ಕಟ್ಟುವುದು. ನನಗೆ ಅನ್ನಿಸುವುದು ಇಷ್ಟೆ: ನೋಟು ಕೂಡಿಡುವವರು ಬಿಲ್ಡರ್ ಆಗಿರುವುದೇ ಕ್ಷೇಮ.

ಹಾಗಾದರೆ ನಾಣ್ಯದಿಂದಲೇ ಊಟ ಮಾಡುವವರು ಯಾರೂ ಇಲ್ಲವೇ ಎಂದರೆ, ಇದ್ದಾರೆ. ಡೀಲರುಗಳಿದ್ದಾರೆ. ನೂರು ವರ್ಷ ದಾಟಿದ ನಾಣ್ಯ 1972ರ ಕಾನೂನಿನ ಪ್ರಕಾರ ಪ್ರಾಚ್ಯವಸ್ತು. ಅದರ ವ್ಯಾಪಾರಕ್ಕೆ ಲೈಸೆನ್ಸು ಬೇಕು, ದೇಶದಾಚೆ ಸಾಗಿಸುವಂತಿಲ್ಲ. ಅಚ್ಚುಕಟ್ಟಾಗಿ ವ್ಯಾಪಾರ ಮಾಡುವವರ ಬಗ್ಗೆ ನನಗೆ ಗೌರವವಿದೆ, ಕನಿಕರವೂ ಇದೆ. ಒಳ್ಳೇ ನಾಣ್ಯ ಕೈಗೆ ಬಂದ ದಿನ ಅದನ್ನು ಮಾರಲೇಬೇಕಾದವನು ಅವನು. ಅವನ ಮನೆಯಲ್ಲಿ ಉಳಿಯುವುದು ಯಾರಿಗೂ ಬೇಡವಾದದ್ದು. ಶ್ರೀರಂಗಪಟ್ಟಣದಲ್ಲಿ ಮಳೆ ಬಂದ ಮಾರನೆಯ ದಿನ ಗದ್ದೆಯಲ್ಲಿ ಸಿಕ್ಕಿತೆಂದು ಪ್ರವಾಸಿಗರ ಮುಂದೆ ಅಂಗೈ ಬಿಚ್ಚುವ ಹುಡುಗರಿದ್ದಾರೆ. ಕೆಲವೊಮ್ಮೆ ನಿಜವಾದದ್ದೇ ಸಿಗುತ್ತದೆ, ಹೆಚ್ಚಿನ ಸಲ ಟಿಪ್ಪು ಸತ್ತು ಇನ್ನೂರು ವರ್ಷದ ಮೇಲೆ ಎರಕ ಹೊಯ್ದದ್ದು. ‘ಅಕ್ಕಿ ಎಳೆಯೋ ನಾಣ್ಯ’ದವರಂತೂ ಬೇರೆಯೇ ಜಾತಿ. ಹನುಮಂತನ ಚಿತ್ರ, ಈಸ್ಟ್ ಇಂಡಿಯಾ ಕಂಪನಿಯ ಹೆಸರು, 1818 ಎಂಬ ಇಸವಿ. ಅಕ್ಕಿಕಾಳನ್ನು ಆಯಸ್ಕಾಂತದಂತೆ ಸೆಳೆಯುತ್ತದೆ, ಹೊರದೇಶದವರು ಕೋಟಿಗಟ್ಟಲೆ ಕೊಡುತ್ತಾರೆ ಎಂದು ನಂಬಿಸಿ ಓದಿದವರನ್ನೇ ಮುಳುಗಿಸಿದ್ದಾರೆ. ಕಂಪನಿ ಅಂಥ ನಾಣ್ಯವನ್ನು ಯಾವತ್ತೂ ಟಂಕಿಸಲಿಲ್ಲ. ಅಕ್ಕಿ ಎಳೆಯುವ ಶಕ್ತಿಯಿದ್ದಿದ್ದರೆ ನಾನೇ ಒಂದನ್ನು ತಂದು ರೇಷನ್ ಅಂಗಡಿಯ ಹತ್ತಿರ ಮನೆ ಮಾಡುತ್ತಿದ್ದೆ.

ಮೊಬೈಲಿಗೆ ಬರುವ ಸುದ್ದಿಗಳದ್ದೂ ಇದೇ ಹಾಡು. ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ ಲಕ್ಷ, ವೈಷ್ಣೋದೇವಿ ನಾಣ್ಯಕ್ಕೆ ಹತ್ತು ಲಕ್ಷ. 2021ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕೇ ‘ಇಂಥ ಕೊಡುಕೊಳ್ಳುವಿಕೆಗೂ ನಮಗೂ ಸಂಬಂಧವಿಲ್ಲ, ಮೋಸ ಹೋಗಬೇಡಿ’ ಎಂದು ಪ್ರಕಟಣೆ ಕೊಟ್ಟಿತು. ಆದರೂ ನನ್ನ ಹೆಂಡತಿಯ ತವರಿನವರು ಫೋನ್ ಮಾಡಿ, ‘ಭಾವಾ, ನಮ್ಮ ಹತ್ರ ಟ್ರ್ಯಾಕ್ಟರ್ ಇದೆ’ ಅನ್ನುವುದು ನಿಂತಿಲ್ಲ. ಮೊದಲ ಸಲ ನಾನು, ಹೊಲ ಕೊಂಡರೇನೋ ಎಂದುಕೊಂಡು ಅಭಿನಂದಿಸಿದ್ದೆ.

ಕ್ಯಾಷಿಯರ್ ಕೆಲಸದಲ್ಲಿ ಕಂಡದ್ದೆಲ್ಲ ಮರೆತರೂ 2011ರ ಜೂನ್ ತಿಂಗಳು ಮರೆಯುವುದಿಲ್ಲ. ಇಪ್ಪತ್ತೈದು ಪೈಸೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳು ಜೂನ್ 30ರಿಂದ ನಡೆಯುವುದಿಲ್ಲ, 29ರ ಸಂಜೆಯೊಳಗೆ ಬ್ಯಾಂಕಿನಲ್ಲಿ ಬದಲಾಯಿಸಿಕೊಳ್ಳಿ ಎಂದು ಸರ್ಕಾರ ಹೇಳಿತ್ತು. ಜನ ಹಾರ್ಲಿಕ್ಸ್ ಬಾಟಲಿ, ಬೇಬಿ ಪೌಡರ್ ಡಬ್ಬಿ, ಮಣ್ಣಿನ ಹುಂಡಿ ಹಿಡಿದು ಬಂದರು. ಖಡ್ಗಮೃಗದ ನಾಲ್ಕಾಣೆ, ಅಲೆಅಲೆ ಅಂಚಿನ ಹತ್ತು ಪೈಸೆ, ಊದಿದರೆ ಹಾರುವಷ್ಟು ಹಗುರವಾದ ಆರು ಮೂಲೆಯ ಮೂರು ಪೈಸೆ. ದೇವರಾಜ ಮಾರುಕಟ್ಟೆಯಲ್ಲಿ ಹೂವು ಮಾರುವ ಅಜ್ಜಿಯೊಬ್ಬರು ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ ತಂದಿದ್ದರು. ಎಣಿಸುವ ಹೊತ್ತಿಗೆ ಮಧ್ಯಾಹ್ನವಾಯಿತು. ಮೊಳಕ್ಕೆ ನಾಲ್ಕಾಣೆ ಇದ್ದ ಕಾಲದ ಮಲ್ಲಿಗೆಯ ದುಡ್ಡು ಅದು. ನಾನು ನೋಟು ಕೊಟ್ಟೆ. ಅಜ್ಜಿ ಎರಡು ಸಲ ಎಣಿಸಿ, ‘ಇಷ್ಟು ವರ್ಷ ಜೋಪಾನ ಮಾಡಿವ್ನಲ್ಲ ಬುದ್ಧಿ, ಬಡ್ಡಿ ಇಲ್ವಾ?’ ಎಂದರು. ಪಕ್ಕದ ಕೌಂಟರಿನವರು ನಕ್ಕರು. ಅಜ್ಜಿ ನಮ್ಮ ಭಾನುವಾರದ ಗುಂಪಿನ ಎಲ್ಲರಿಗಿಂತ ಹೆಚ್ಚು ನಾಣ್ಯ ಕೂಡಿಟ್ಟವರು, ಮೂಟೆಯಲ್ಲಿ ತಂದು ಒಂದು ಮಾತಿಗೆ ಕೈಬಿಟ್ಟವರು. ಅವರನ್ನು ಹವ್ಯಾಸಿ ಎಂದು ಯಾರೂ ಕರೆಯಲಿಲ್ಲ, ಪ್ರದರ್ಶನಕ್ಕೂ ಕರೆಯಲಿಲ್ಲ.

ಈಗ ನಾಣ್ಯ ಹಾದುಹೋಗುವ ಆ ದಾರಿಗಳೇ ಒಣಗಿವೆ. 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ಸು ಉಚಿತ. ಒಳ್ಳೆಯದೇ ಆಯಿತು, ನನ್ನ ಹೆಂಡತಿ ನಂಜನಗೂಡಿಗೆ ಮನಸ್ಸು ಬಂದಾಗಲೆಲ್ಲ ಹೋಗಿಬರುತ್ತಾಳೆ. ಆದರೆ ಕಂಡಕ್ಟರ ಚೀಲಕ್ಕೆ ಬೀಳುತ್ತಿದ್ದ ಚಿಲ್ಲರೆಯಲ್ಲಿ ಅರ್ಧ ಅಲ್ಲೇ ಹೋಯಿತು. ಉಳಿದರ್ಧವನ್ನು ಕ್ಯೂಆರ್ ಕೋಡ್ ನುಂಗಿತು. ಮಾರುಕಟ್ಟೆಯ ಹೂವಿನವರ ಬುಟ್ಟಿಗೂ ಅದನ್ನು ಅಂಟಿಸಿದ್ದಾರೆ; ದುಡ್ಡು ಬಂದದ್ದನ್ನು ಡಬ್ಬಿಯೊಂದು ಕೂಗಿ ಹೇಳುತ್ತದೆ. ಕಂಡಕ್ಟರ್ ಗೆಳೆಯರು ನಿವೃತ್ತಿಯ ಹೊತ್ತಿಗೆ, ‘ಕೈಗೆ ಬಂದ ನಾಣ್ಯವನ್ನೆಲ್ಲ ಮಗುಚಿ ನೋಡೋ ಅಭ್ಯಾಸ ಉಳಿದಿದೆ ಕಣ್ರಯ್ಯ, ನಾಣ್ಯ ಮಾತ್ರ ಬರಲ್ಲ’ ಎನ್ನುತ್ತಿದ್ದರು. ಹತ್ತು ರೂಪಾಯಿ ನಾಣ್ಯವನ್ನಂತೂ ಅಂಗಡಿಯವರು ಇನ್ನೂ ಬೇಡವೆನ್ನುತ್ತಾರೆ. ಹದಿನಾಲ್ಕು ನಮೂನೆಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ; ಹೇಳಿದರೆ ಕೇಳುವವರಾರು. ಬ್ಯಾಂಕಿಗೆ ಹೊಸದಾಗಿ ಸೇರಿದ ಹುಡುಗರು ನಾಣ್ಯದ ಚೀಲ ಕಂಡರೆ ಮುಖ ಗಂಟಿಕ್ಕುತ್ತಾರೆ. ಅವರದು ಬೇರೆ ಕಸುಬು, ಸ್ಕ್ರೀನ್ ನೋಡುವುದು.

ಭಾನುವಾರದ ಗುಂಪಿನಲ್ಲಿ ಈಗ ಮೂವರಿದ್ದೇವೆ. ಎಲ್ಲರಿಗೂ ಪೆನ್ಷನ್ ಬರುತ್ತದೆ, ಅದೂ ಮೊಬೈಲಿಗೆ ಒಂದು ಸಾಲಿನ ಸಂದೇಶವಾಗಿ.

ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯ ದೇವರ ಮಂಟಪದಲ್ಲಿ ಅಜ್ಜಿಯ ಕಾಲದ ಬೆಳ್ಳಿ ರೂಪಾಯಿಯೋ, ಲಕ್ಷ್ಮಿ ಪೂಜೆಗೆಂದು ಎತ್ತಿಟ್ಟ ತಾವರೆಯ ಇಪ್ಪತ್ತು ಪೈಸೆಯೋ ಇರಬಹುದು. ವರಮಹಾಲಕ್ಷ್ಮಿ ಬಂತೆಂದು ಅದಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ಅರಿಶಿನ ಕುಂಕುಮ ಇಡಿ, ಹೂವೇರಿಸಿ, ಕೈಮುಗಿಯಿರಿ. ತಿಕ್ಕಿದರೆ ಮಾತ್ರ ಅಕ್ಷರ ಸವೆಯುತ್ತದೆ, ಬೆಲೆಯೂ ಇಳಿಯುತ್ತದೆ. ಟ್ರ್ಯಾಕ್ಟರ್ ನೋಟಿದ್ದರೆ ನಮಗೆ ಫೋನ್ ಮಾಡಬೇಡಿ. ಅದು ಈಗಲೂ ನಡೆಯುತ್ತದೆ, ಅದಕ್ಕೆ ಐದು ರೂಪಾಯಿಯ ಕೊತ್ತಂಬರಿ ಸೊಪ್ಪು ಬರುತ್ತದೆ.