ಪರಸ್ಥಳದಲ್ಲಿ ಸಿಕ್ಕವರು

ದೋರನಹಳ್ಳಿಯ ಸಂತ ಅಂತೋಣಿಯವರಿಗೆ ಹೊತ್ತ ಹರಕೆ ತೀರಿಸಿ, ಮೈಸೂರಿಗೆ ಬಂದು ಲಾಡ್ಜಿನಲ್ಲಿ ಇಳಿದಿದ್ದೆವು. ಮರುದಿನ ಅರಮನೆ ನೋಡಿಕೊಂಡು ಕಾರ್ಕಳಕ್ಕೆ ಹೊರಡುವುದೆಂದಿತ್ತು. ರಾತ್ರಿ ನನ್ನ ಗಂಡನಿಗೆ ಹೊಟ್ಟೆನೋವು ಶುರುವಾಯಿತು. ಬೆಳಗಿನ ಜಾವಕ್ಕೆ ಹೊಟ್ಟೆ ಹಲಗೆಯ ಹಾಗೆ ಗಟ್ಟಿಯಾಗಿತ್ತು. ಲಾಡ್ಜಿನ ಹುಡುಗ ಆಟೋ ತಂದ. ಎಕ್ಸ್‌ರೇ ನೋಡಿದ ಡಾಕ್ಟರು, ಅಲ್ಸರ್ ಒಡೆದು ಕರುಳು ತೂತಾಗಿದೆ, ಈಗಲೇ ಆಪರೇಷನ್ ಆಗಬೇಕು ಎಂದರು. ತೋರಿಸಿದಲ್ಲೆಲ್ಲ ಸಹಿ ಹಾಕಿದೆ.

ಆಪರೇಷನ್ ಆಯಿತು. ಆದರೆ ನಂಜು ಮೈಗೇರಿತ್ತು. ಐಸಿಯುನಲ್ಲಿ ಇಟ್ಟರು. ಬೆಳಿಗ್ಗೆ, ಸಂಜೆ ಸ್ವಲ್ಪ ಹೊತ್ತು ನನ್ನನ್ನು ಒಳಗೆ ಬಿಡುತ್ತಿದ್ದರು. ಪ್ರತಿ ಸಲವೂ ಇವರು ನೀರು ಕೇಳುತ್ತಿದ್ದರು. ಕೊಡುವಂತಿರಲಿಲ್ಲ. ಒದ್ದೆ ಹತ್ತಿಯಿಂದ ತುಟಿ ಒರೆಸಿ ಹೊರಗೆ ಬರುತ್ತಿದ್ದೆ. ಮಗ ದುಬೈಯಲ್ಲಿದ್ದ, ರಜೆ ಸಿಕ್ಕಿರಲಿಲ್ಲ. ಆ ಊರಿನಲ್ಲಿ ನನಗೆ ಒಬ್ಬರ ಪರಿಚಯವೂ ಇರಲಿಲ್ಲ.

ಅಶೋಕ ರಸ್ತೆಯ ಸಂತ ಫಿಲೋಮಿನಾ ದೇವಾಲಯಕ್ಕೆ ಹೋದದ್ದು ಭಕ್ತಿಯಿಂದ ಎಂದರೆ ಸುಳ್ಳಾಗುತ್ತದೆ. ಐಸಿಯು ಬಾಗಿಲ ಎದುರು ಕೂತು ಕೂತು ಸಾಕಾಗಿತ್ತು. ಜಪಸರ ಕೈಯಲ್ಲಿತ್ತು, ಜಪ ಮುಂದಕ್ಕೆ ಹೋಗುತ್ತಿರಲಿಲ್ಲ. ಹರಕೆ ತೀರಿಸಿದ ದಿನವೇ ಹೀಗಾಯಿತಲ್ಲ ಎಂಬ ಸಿಟ್ಟೂ ಇತ್ತು. ಹಿಂದಿನ ಬೆಂಚಿನಲ್ಲಿ ಕೂತೆ. ನಮ್ಮಲ್ಲಿ ಪೂಜೆ ಕೊಂಕಣಿಯಲ್ಲಿ, ಇಲ್ಲಿ ಕನ್ನಡದಲ್ಲಿ. ಆದರೂ ಎಲ್ಲಿ ಏಳಬೇಕು, ಎಲ್ಲಿ ಮೊಣಕಾಲೂರಬೇಕು ಎಂದು ಯಾರನ್ನೂ ಕೇಳಬೇಕಾಗಲಿಲ್ಲ. ಆಸ್ಪತ್ರೆಯಲ್ಲಿ ಎಲ್ಲವನ್ನೂ ಕೇಳಿಯೇ ಮಾಡಬೇಕಿತ್ತು.

ಪೂಜೆ ಮುಗಿದ ಮೇಲೆ ಪಕ್ಕದಲ್ಲಿದ್ದ ಹಿರಿಯ ಹೆಂಗಸು, "ಯಾವೂರಮ್ಮಾ? ಊಟ ಆಯ್ತಾ?" ಎಂದರು. ಆಗ ಅಳು ಬಂತು. ಅವರು ಸಮಾಧಾನದ ಮಾತು ಆಡಲಿಲ್ಲ. ಯಾವ ಆಸ್ಪತ್ರೆ, ಯಾವ ವಾರ್ಡು ಎಂದು ಕೇಳಿಕೊಂಡರು. ಆಮೇಲೆ ನನ್ನ ಕೈ ಹಿಡಿದು ಪೀಠದ ಕೆಳಗಿನ ನೆಲಮಾಳಿಗೆಗೆ ಕರೆದುಕೊಂಡು ಹೋದರು. ಅಲ್ಲಿ ಮಲಗಿದ ಭಂಗಿಯಲ್ಲಿ ಸಂತಳ ಪ್ರತಿಮೆ ಇದೆ. ಹಿಂದೆ 1843ರ ಚರ್ಚ್ ಇತ್ತು, ಮುಮ್ಮಡಿಯವರ ಕಾಲದ್ದು. ಈಗಿನದಕ್ಕೆ 1933ರಲ್ಲಿ ನಾಲ್ವಡಿಯವರೇ ಅಡಿಗಲ್ಲು ಹಾಕಿದ್ದು ಎಂದು ಮೆಟ್ಟಿಲು ಹತ್ತುತ್ತಾ ಹೇಳಿದರು. "ನಮ್ಮ ಮಹಾರಾಜರು" ಎಂದೇ ಹೇಳುತ್ತಿದ್ದರು. ಮೈಸೂರಿನವರು ಎಲ್ಲರೂ ಹಾಗೇ ಹೇಳುತ್ತಾರೆಂದು ಆಮೇಲೆ ತಿಳಿಯಿತು.

ಅಂದು ಸಂಜೆ ಆಸ್ಪತ್ರೆಗೆ ಸ್ಟೀಲ್ ಕ್ಯಾರಿಯರ್ ಬಂತು. ಮೇಲಿನ ಡಬ್ಬಿಯಲ್ಲಿ ನಿಂಬೆ ಉಪ್ಪಿನಕಾಯಿ, ನಡುವೆ ಹುರುಳಿಕಾಯಿ ಪಲ್ಯ, ಕೆಳಗೆ ಗಂಜಿ. ಕರಾವಳಿಯವರಿಗೆ ಗಂಜಿ ಬೇಕು ಎಂದು ಯಾರೋ ಹೇಳಿದ್ದರಂತೆ. ಬೆಳ್ತಿಗೆ ಅಕ್ಕಿಯ ಗಂಜಿ. ಕುಚ್ಚಲಕ್ಕಿಯ ರುಚಿ ಇರಲಿಲ್ಲ. ಪೂರ್ತಿ ಉಂಡೆ. ರಕ್ತ ಬೇಕೆಂದಾಗ ಯುವಕರ ಕೂಟದ ಹುಡುಗರು ಬಂದು ಕೊಟ್ಟರು. ಅವರ ಹೆಸರನ್ನೂ ಕೇಳಿಟ್ಟುಕೊಳ್ಳಲಾಗಲಿಲ್ಲ.

ಒಂದು ರಾತ್ರಿ ಬಿ.ಪಿ. ಇಳಿಯಿತು. ಮನೆಯವರಿಗೆಲ್ಲ ತಿಳಿಸಿಬಿಡಿ ಎಂದು ಡಾಕ್ಟರು ಹೇಳಿದರು. ಆ ಹೆಂಗಸಿಗೆ ಫೋನು ಮಾಡಿದೆ. ಫಾದರ್ ಅದೇ ರಾತ್ರಿ ಬಂದರು. ನರ್ಸು ಕೊಟ್ಟ ಗೌನು, ಮಾಸ್ಕು ಹಾಕಿಕೊಂಡು ಒಳಗೆ ಹೋದರು. ಹಣೆಗೆ ಎಣ್ಣೆ ಹಚ್ಚಿದರು. ಒಂದು ಕೈಗೆ ಡ್ರಿಪ್ಪಿನ ಪಟ್ಟಿ ಸುತ್ತಿತ್ತು. ಪಟ್ಟಿ ಅಲುಗದ ಹಾಗೆ ಬೆರಳು ಬಿಡಿಸಿ ಅಂಗೈಗೆ ಹಚ್ಚಿದರು. ನೀರೂ ಕೊಡಬಾರದವರಿಗೆ ಪರಮ ಪ್ರಸಾದ ಕೊಡುವಂತಿರಲಿಲ್ಲ. ಹೊರಗೆ ಬಂದು ನನಗೆ ಕೊಟ್ಟರು. ಆ ರಾತ್ರಿ ಇವರು ಉಳಿಯುತ್ತಾರೆಂದು ನಾನು ನಂಬಿರಲಿಲ್ಲ. ಎಣ್ಣೆ ಹಚ್ಚಿದ್ದರಿಂದ ಉಳಿದರು ಎಂದೂ ಹೇಳಲಾರೆ. ಔಷಧಿ ಬದಲಿಸಿದ್ದರು. ಬೆಳಿಗ್ಗೆ ಬಿ.ಪಿ. ಮೇಲೆ ಬಂದಿತ್ತು. ಆದರೆ ಕಾರಿಡಾರಿನಲ್ಲಿ ಬೆಳಗಿನವರೆಗೆ ನನ್ನ ಜೊತೆ ಒಬ್ಬರು ಕೂತಿದ್ದರು. ಜಪಸರ ಅವರು ಕನ್ನಡದಲ್ಲಿ ಹೇಳಿದರು, ನಾನು ಕೊಂಕಣಿಯಲ್ಲಿ ಉತ್ತರಿಸಿದೆ.

ಮಗ ಬಂದ ಮೇಲೆ ಇವರನ್ನು ವಾರ್ಡಿಗೆ ಬಿಟ್ಟರು. ಮೊದಲು ಕೊಟ್ಟದ್ದು ಒಂದು ಚಮಚ ನೀರು. ಈಗ ಇವರು ಅತ್ತೂರಿನ ಜಾತ್ರೆಗೆ ಹೋಗಿಬರುವಷ್ಟು ಗಟ್ಟಿಯಾಗಿದ್ದಾರೆ. ಖಾರ ಬಿಟ್ಟಿದ್ದಾರೆ.

ನಿಮ್ಮ ಊರಿನ ದೇವಾಲಯದಲ್ಲಿ ಪೂಜೆ ಮುಗಿದ ಮೇಲೂ ಗುರುತಿಲ್ಲದವರು ಯಾರಾದರೂ ಏಳದೆ ಕೂತಿದ್ದರೆ, ಹತ್ತಿರ ಹೋಗಿ ಊಟ ಆಯಿತೇ ಎಂದು ಕೇಳಿ.