ಮುಂದ ಕೂಡಬ್ಯಾಡ

ಬೀದರಿನಿಂದ ಹೈದರಾಬಾದಿಗೆ ಸುಮಾರು 140 ಕಿಲೋಮೀಟರ್. 1956ರ ತನಕ ನಮ್ಮ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲೇ ಇದ್ದದ್ದರಿಂದ ನಮ್ಮ ಕಡೆಯ ಹಳಬರಿಗೆ ಇದು ಪರಸ್ಥಳವೇ ಅಲ್ಲ. ಆದರೂ 2003ರಲ್ಲಿ ನಾನು ನೌಕರಿಗೆಂದು ಟ್ರಂಕು ಹೊತ್ತು ಹೊರಟಾಗ ಅವ್ವ ಅತ್ತಿದ್ದಳು, ಮಗ ಅಮೆರಿಕಕ್ಕೆ ಹೊರಟನೇನೋ ಅನ್ನುವ ಹಾಗೆ.

ಕೋಣೆ ಸಿಕ್ಕಿದ್ದು ಮೆಹದಿಪಟ್ಟಣಂನಲ್ಲಿ. ಗುಜರಾತಿನ ಮೊದಲ ರಾಜ್ಯಪಾಲರಾಗಿದ್ದ ಮೆಹದಿ ನವಾಜ್ ಜಂಗ್ ಅವರ ಹೆಸರು ಹೊತ್ತ ಬಡಾವಣೆ. ನನ್ನ ಆಫೀಸು ಟೋಲಿಚೌಕಿ ಕಡೆ. ಊರಲ್ಲಿ ಸ್ಕೂಟರ್ ಓಡಿಸಿದ ಕೈ ನನ್ನದು; ಇಲ್ಲಿ ಸ್ಕೂಟರ್ ಇಲ್ಲ, ಷೇರ್ ಆಟೊವೇ ಗತಿ. ಹಿಂದಿನ ಸೀಟಿನಲ್ಲಿ ನಾಲ್ಕು ಜನ, ಡ್ರೈವರನ ಎಡಬಲಕ್ಕೆ ಒಬ್ಬೊಬ್ಬರು. ನನಗೆ ಮುಂದಿನ ಜಾಗವೇ ಇಷ್ಟ. ಗಾಳಿ ಬರುತ್ತದೆ, ಊರು ಕಾಣುತ್ತದೆ. ಅರ್ಧ ಕುಂಡಿ ಸೀಟಿನ ಮೇಲೆ, ಇನ್ನರ್ಧ ದೇವರ ಮೇಲೆ.

ಒಂದು ಸಂಜೆ ದೇವರು ತನ್ನ ಪಾಲನ್ನು ಕೈಬಿಟ್ಟ. ನಾನಲ್ ನಗರ ದಾಟಿ ಬರುತ್ತಿದ್ದೆವು. ನಾನು ಡ್ರೈವರನ ಎಡಕ್ಕೆ ಕೂತಿದ್ದೆ. ಎಡಗಡೆಯ ಗಲ್ಲಿಯಿಂದ ಬಾಳೆಹಣ್ಣಿನ ಬಂಡಿಯೊಂದು ರಸ್ತೆಗೆ ಇಳಿಯಿತು. ನಮ್ಮ ಡ್ರೈವರ್, ಹುಡುಗ, ಗಾಬರಿಯಲ್ಲಿ ಬ್ರೇಕ್ ಒತ್ತಿ ಹ್ಯಾಂಡಲನ್ನು ಬಲಕ್ಕೆ ಎಳೆದ. ಹಿಂದಿನ ಬಲಗಾಲಿ ಮೇಲೆದ್ದಿತು. ಆಮೇಲೆ ಎಲ್ಲವೂ ಬಹಳ ನಿಧಾನವಾಗಿ ಆದಂತೆ ನೆನಪು. ಆಟೊ ಎಡಕ್ಕೆ ಮಗುಚಿತು. ನಾನು ಅದಕ್ಕಿಂತ ಮೊದಲೇ ರಸ್ತೆಗೆ ಉರುಳಿದ್ದೆ. ಕಣ್ಣು ಬಿಟ್ಟಾಗ ಆಟೊದ ತಗಡು ನನ್ನ ಪಾದದಿಂದ ಒಂದು ಗೇಣು ದೂರದಲ್ಲಿತ್ತು. ಒಂದು ಗೇಣು, ಅಷ್ಟೇ. ಯಾರಿಗೂ ದೊಡ್ಡ ಪೆಟ್ಟಾಗಲಿಲ್ಲ. ನಾಲ್ಕಾರು ಜನ ಓಡಿಬಂದು ಆಟೊವನ್ನು ಎತ್ತಿ ನಿಲ್ಲಿಸಿದರು. ನನ್ನ ಮೊಣಕಾಲು ತರಚಿ, ಮಣಿಕಟ್ಟು ಉಳುಕಿತ್ತು.

ಭಾನುವಾರ ಅವ್ವನಿಗೆ ಫೋನ್ ಮಾಡಿದೆ. 'ಊಟ ಆತು, ಆರಾಮ ಇದ್ದೀನಿ' ಅಂದೆ. ಮಣಿಕಟ್ಟಿಗೆ ಕಟ್ಟಿದ ಪಟ್ಟಿ ಫೋನಿನಲ್ಲಿ ಕಾಣುವುದಿಲ್ಲವಲ್ಲ. ಊರು ಬಿಟ್ಟವರೆಲ್ಲ ಮೊದಲು ಕಲಿಯುವ ವಿದ್ಯೆ ಇದೇ ಇರಬೇಕು.

ನಮ್ಮ ವಠಾರದಲ್ಲೇ ಒಬ್ಬ ಆಟೊದವರಿದ್ದರು. ವಯಸ್ಸಾದವರು, ಎಲ್ಲರಿಗೂ ಚಾಚಾ. ನನ್ನ ಕೈ ನೋಡಿ, ಎಲ್ಲಿ ಕೂತಿದ್ದೆ ಎಂದು ಕೇಳಿದರು. 'ಮುಂದೆ' ಅಂದೆ. ಅವರು ಅಂಗಳದ ದೂಳಿನಲ್ಲಿ ಬೆರಳಿನಿಂದ ಒಂದು ತ್ರಿಕೋನ ಬರೆದರು. ತುದಿಯಲ್ಲಿ ಮುಂದಿನ ಗಾಲಿ, ಬುಡದಲ್ಲಿ ಹಿಂದಿನ ಎರಡು. ಭಾರವೆಲ್ಲ ಬುಡದ ಹತ್ತಿರ, ನೆಲಕ್ಕೆ ಹತ್ತಿರ ಇರುವ ತನಕ ಚಿಂತೆ ಇಲ್ಲ. ಅಲ್ಲಿ ತ್ರಿಕೋನ ಅಗಲವಾಗಿದೆ. ತುದಿಯ ಕಡೆ ಹೋದಷ್ಟೂ ಕಿರಿದು. ಅರ್ಧ ದಾರಿಗೆ ಬಂದರೆ ಅಗಲವೂ ಅರ್ಧ. ಮುಂದೆ ಇಬ್ಬರು ಕೂತರೆಂದರೆ ಭಾರ ಕಿರಿದಾದ ಕಡೆಗೆ ಸರಿಯಿತು. ಅದರ ಮೇಲೆ ತಿರುವಿನಲ್ಲಿ ಬ್ರೇಕ್ ಹಾಕಿದರೆ ಇದ್ದಬದ್ದ ಭಾರವೂ ಮುಂದಕ್ಕೆ ನುಗ್ಗುತ್ತದೆ. ಬಲಕ್ಕೆ ತಿರುಗುವಾಗ ಎಲ್ಲವೂ ಎಡಕ್ಕೆ ಎಸೆಯಲ್ಪಡುತ್ತದೆ. ನಾನೋ ಎಡಕ್ಕೇ ತೂಗಾಡುತ್ತಿದ್ದೆ. ಹುಡುಗನ ತಪ್ಪು ಅರ್ಧ, ನನ್ನದು ಅರ್ಧ ಎಂದು ಚಾಚಾ ತೀರ್ಪು ಕೊಟ್ಟರು.

'ಸ್ಕೂಟರಿಗಿಂತ ಒಂದು ಗಾಲಿ ಜಾಸ್ತಿ ಇದೆಯಲ್ಲ ಚಾಚಾ, ಆದರೂ ಬೀಳೋದೇ?' ಎಂದು ಕೇಳಿದೆ. ಅವರು ನಕ್ಕು, 'ಏ ಝುಕ್ತೀ ನೈ ಸಾಬ್, ಗಿರ್ತೀ' ಅಂದರು. ಇದು ವಾಲುವುದಿಲ್ಲ, ಬೀಳುತ್ತದೆ. ಸ್ಕೂಟರ್ ನಿಂತಾಗ ಬೀಳುತ್ತದೆ, ಓಡುವಾಗ ತಿರುವಿನ ಒಳಕ್ಕೆ ವಾಲಿ ತನ್ನನ್ನು ತಾನೇ ಉಳಿಸಿಕೊಳ್ಳುತ್ತದೆ. ಆಟೊ ನಿಂತಾಗ ಬಂಡೆಯ ಹಾಗೆ; ತಿರುವಿನಲ್ಲಿ ಅದಕ್ಕೆ ವಾಲಲು ಬರುವುದಿಲ್ಲ, ಹೊರಕ್ಕೆ ನೂಕುವ ಬಲವನ್ನು ಸುಮ್ಮನೆ ತಡೆದುಕೊಳ್ಳಬೇಕು. ಆ ಬಲವೂ ಸಾಮಾನ್ಯದ್ದಲ್ಲ. ಅದೇ ತಿರುವಿನಲ್ಲಿ ವೇಗ 20ರಿಂದ 40ಕ್ಕೆ ಏರಿದರೆ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ.

ಕೈ ವಾಸಿಯಾದ ಮೇಲೆ ಒಂದು ಬೆಳಗಿನ ಜಾವ ಚಾಚಾ ನನ್ನನ್ನು ಖಾಲಿ ಮೈದಾನಕ್ಕೆ ಕರೆದುಕೊಂಡು ಹೋಗಿ ಹ್ಯಾಂಡಲ್ ಕೈಗೆ ಕೊಟ್ಟರು. ಎಡಗೈಯಲ್ಲಿ ಕ್ಲಚ್ಚು, ಗೇರು, ಬಲಗೈಯಲ್ಲಿ ಆಕ್ಸಿಲರೇಟರ್, ಬ್ರೇಕು ಕಾಲಿಗೆ. ಎಲ್ಲ ಸ್ಕೂಟರಿನಂತೆಯೇ ಇದೆಯಲ್ಲ ಎಂದು ಹೊರಟೆ. ತಿರುಗಿಸುವ ಹೊತ್ತು ಬಂದಾಗ ಅಭ್ಯಾಸಬಲದಿಂದ ಮೈ ಬಲಕ್ಕೆ ವಾಲಿಸಿದೆ. ಆಟೊ ಕೇಳಬೇಕಲ್ಲ? ನೇರ ಹೋಗಿ ಹುಡುಗರು ಕ್ರಿಕೆಟ್ಟಿಗೆ ಜೋಡಿಸಿಟ್ಟಿದ್ದ ಇಟ್ಟಿಗೆಗಳನ್ನು ಉರುಳಿಸಿತು. ವೇಗದಲ್ಲಿದ್ದಾಗ ಸ್ಕೂಟರನ್ನು ಬಲಕ್ಕೆ ವಾಲಿಸಬೇಕಾದರೆ ನಮ್ಮ ಕೈ ನಮಗೇ ಗೊತ್ತಿಲ್ಲದೆ ಹ್ಯಾಂಡಲನ್ನು ಒಂದು ಕ್ಷಣ ಎಡಕ್ಕೆ ನೂಕುತ್ತದೆ. ಆಟೊದಲ್ಲಿ ಹಾಗೆ ಮಾಡಿದರೆ ಅದು ಎಡಕ್ಕೇ ಹೋಗುತ್ತದೆ! ವರ್ಷಗಟ್ಟಲೆ ಕಲಿತದ್ದನ್ನು ಮರೆತರೇ ಇದು ಬರುವುದು.

ಚಾಚಾನ ಪಾಠ ಮೂರೇ ಮಾತು. ತಿರುವಿಗೆ ಮೊದಲೇ ವೇಗ ಇಳಿಸು, ತಿರುವಿನೊಳಗೆ ಬ್ರೇಕ್ ಬೇಡ. ಒಳಗಿನ ಗಾಲಿ ಎದ್ದಿತೆನಿಸಿದರೆ ಹ್ಯಾಂಡಲ್ ಸಡಿಲಿಸಿ ನೇರ ಮಾಡು. ಮತ್ತೆ, ಹಲ್ಲೂ. ಹಲ್ಲೂ ಅಂದರೆ ಇಲ್ಲಿಯ ದಖನಿಯಲ್ಲಿ ಸಾವಕಾಶ.

ಆಮೇಲೆ ಇದರ ಬಗ್ಗೆ ಕುತೂಹಲ ಹತ್ತಿ ಸಿಕ್ಕದ್ದನ್ನೆಲ್ಲ ಓದಿದೆ. ನಮ್ಮ ಆಟೊದ ಮೂಲ ಇಟಲಿಯ ಪಿಯಾಜಿಯೊ ಕಂಪನಿ 1948ರಲ್ಲಿ ಹೊರತಂದ 'ಆಪೆ' ಎಂಬ ಮೂರು ಗಾಲಿಯ ಗಾಡಿ. ಅದನ್ನು ರೂಪಿಸಿದ ಕೊರ್ರಾದಿನೊ ದಾಸ್ಕಾನಿಯೊ ಹೆಲಿಕಾಪ್ಟರ್ ಕಟ್ಟಿದ್ದ ಮನುಷ್ಯ. ಬಜಾಜ್ ಆಟೊದ 'ಆರ್‌ಇ' ಅಂದರೆ ರಿಯರ್ ಎಂಜಿನ್. ಎಂಜಿನ್ ಹಿಂದೆ, ಪ್ರಯಾಣಿಕರ ಸೀಟಿನಡಿ ಕೂತಿದೆ. ಚಾಚಾ ದೂಳಿನಲ್ಲಿ ಬರೆದ ತ್ರಿಕೋನದ ಬುಡದಲ್ಲೇ! ಅಮೆರಿಕದಲ್ಲಿ ಮೋಜಿಗೆ ಕಚ್ಚಾ ನೆಲದ ಮೇಲೆ ಓಡಿಸುವ ಮೂರು ಗಾಲಿಯ ಎಟಿವಿ ಗಾಡಿಗಳು ಎಷ್ಟು ಜನರನ್ನು ಬೀಳಿಸಿದವೆಂದರೆ, 1988ರಲ್ಲಿ ತಯಾರಕರು ಸರಕಾರದೊಡನೆ ಒಪ್ಪಂದ ಮಾಡಿಕೊಂಡು ಮಾರಾಟವನ್ನೇ ನಿಲ್ಲಿಸಿದರು.

2005ರಲ್ಲಿ ಅವ್ವನ ಕಣ್ಣಿಗೆ ಪೊರೆ ಬಂತು. ಮೆಹದಿಪಟ್ಟಣಂನಲ್ಲೇ ಸರೋಜಿನಿ ದೇವಿ ಕಣ್ಣಾಸ್ಪತ್ರೆ ಇರುವಾಗ ಬೇರೆ ಕಡೆ ಯಾಕೆ ಎಂದು ಅವಳನ್ನು ಕರೆಸಿಕೊಂಡೆ. ಆಪರೇಷನ್ ಚೆನ್ನಾಗಿಯೇ ಆಯಿತು. ಮನೆಗೆ ಹೊರಡುವಾಗ ಡಾಕ್ಟರು, 'ತಲೆ ಕುಲುಕಬಾರದು, ಕಣ್ಣಿಗೆ ಏನೂ ತಗಲಬಾರದು' ಎಂದು ಎಚ್ಚರಿಸಿದರು. ಚಾಚಾ ಆಟೊ ತಂದರು. ಅವ್ವನನ್ನು ಹಿಂದಿನ ಸೀಟಿನ ನಟ್ಟನಡುವೆ ಕೂರಿಸಿ, ಚೀಲಗಳನ್ನು ಅವಳ ಕಾಲ ಬಳಿ ಇಟ್ಟು, ನಾನು ಮಗ್ಗುಲಿಗೆ ಒತ್ತಿ ಕೂತೆ.

ಎರಡು ಕಿಲೋಮೀಟರೂ ಇಲ್ಲದ ದಾರಿ. ಪ್ರತಿ ತಿರುವಿಗೂ ನನ್ನ ಬಾಯಿ ತೆರೆಯುತ್ತಿತ್ತು: 'ಹಲ್ಲೂ ಚಾಚಾ, ಹಲ್ಲೂ.' ರೈತು ಬಜಾರಿನ ಹತ್ತಿರ ಬಸ್ಸೊಂದು ಏಕಾಏಕಿ ಅಡ್ಡ ಬಂತು. ನಾನು ಅವ್ವನ ತಲೆ ಹಿಡಿದುಕೊಂಡೆ. ಚಾಚಾ ಹ್ಯಾಂಡಲ್ ಹೊರಳಿಸಲೇ ಇಲ್ಲ. ನೇರ ಇಟ್ಟುಕೊಂಡೇ ಬ್ರೇಕ್ ಒತ್ತಿ, ಬಸ್ಸು ಹೋಗುವ ತನಕ ನಿಂತು, ಮತ್ತೆ ಹೊರಟರು. ತಾಟಿನಲ್ಲಿ ನೀರಿಟ್ಟಿದ್ದರೂ ತುಳುಕುತ್ತಿರಲಿಲ್ಲ.

'ಮೂರು ಕಲ್ಲಿನ ಒಲಿ ಮ್ಯಾಲ ಗಡಿಗಿ ಎಂದರ ಅಲ್ಲಾಡ್ತದೇನು? ನೀ ಯಾಕ್ ಹಿಂಗ್ ಅಂಜಲಿಕತ್ತಿ?' ಅಂದಳು ಅವ್ವ.

ಒಲೆ ತಿರುವಿನಲ್ಲಿ ತಿರುಗುವುದಿಲ್ಲ ಎಂದು ಹೇಳಬೇಕೆನಿಸಿತು. ಹೇಳಲಿಲ್ಲ. ಅವಳು ಪಟ್ಟಿ ಇಲ್ಲದ ಕಣ್ಣನ್ನು ನನ್ನ ಕಡೆ ಹೊರಳಿಸಿದಳು.

'ಅಂವ ಬಂಗಾರದಂಗ ಹೊಡಿಲಿಕತ್ತಾನ. ಖರೇ ಹೇಳು, ನೀ ಬಿದ್ದಿದ್ದಿ ಏನು?'

ನಾನು ಸುಮ್ಮನಿದ್ದೆ. ಅವಳು ನನ್ನ ಕೈ ಎಳೆದುಕೊಂಡು, ಯಾವ ಕೈ ಎಂದೂ ಕೇಳದೆ, ಮಣಿಕಟ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಮನೆ ಬರುವ ತನಕ ಬಿಡಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಎಲ್ಲವನ್ನೂ ಹೇಳಿದೆ: ಬಾಳೆಹಣ್ಣಿನ ಬಂಡಿ, ಎದ್ದ ಗಾಲಿ, ಒಂದು ಗೇಣು. ಬೈಯಲಿಲ್ಲ. 'ಫೋನಿನ್ಯಾಗ ಸುಳ್ಳು ಹೇಳಬ್ಯಾಡ ಇನ್ನ' ಅಂದಳು, ಅಷ್ಟೇ.

2009ರಲ್ಲಿ ಮೆಹದಿಪಟ್ಟಣಂನಿಂದ ಪಿ.ವಿ. ನರಸಿಂಹರಾವ್ ಅವರ ಹೆಸರಿನ ಉದ್ದ ಮೇಲುರಸ್ತೆ ಬಂತು. ಕಾರುಗಳು ಮೇಲೆ ಹಾರಿದವು, ಆಟೊಗಳು ಕೆಳಗೆ ಕಂಬಗಳ ನಡುವೆಯೇ ಉಳಿದವು. ಈಗ ಬ್ಯಾಟರಿ ಆಟೊಗಳೂ ಬಂದಿವೆ. ತ್ರಿಕೋನ ಮಾತ್ರ ಅದೇ.

ಅವ್ವನ ಫೋನೂ ಅದೇ. ಊಟ, ಮಳೆ, ತೊಗರಿ ಎಲ್ಲ ಮುಗಿದ ಮೇಲೆ, ಇಡುವ ಮುಂಚೆ ಒಂದು ಮಾತು ಇದ್ದೇ ಇರುತ್ತದೆ:

'ಆಟೊದಾಗ ಮುಂದ ಕೂಡಬ್ಯಾಡ.'

'ಇಲ್ಲವ್ವಾ' ಅನ್ನುತ್ತೇನೆ. ಇದು ಸುಳ್ಳಲ್ಲ.